ಬುದ್ಧಿಹಲ್ಲು ಹೋದ ಮೇಲೆ

ಕಟ್ಟಕಡೆಗೆ ಹುಟ್ಟುವ ನಾಲ್ಕು ದವಡೆಹಲ್ಲುಗಳಿಗೆ ಬುದ್ಧಿಹಲ್ಲು ಎಂಬ ಹೆಸರನ್ನು ಇಟ್ಟ ಮಹಾನುಭಾವರಿಗೆ ಆ ಹಲ್ಲು ಎಂದೂ ನೋಯ್ದಿರಲಾರದು. ಹದಿನೇಳರಿಂದ ಇಪ್ಪತ್ತೈದರೊಳಗೆ, ಅಂದರೆ ಮನುಷ್ಯನಿಗೆ ಬುದ್ಧಿ ಬರಬೇಕಾದ ವಯಸ್ಸಿನಲ್ಲಿ, ಸಾಮಾನ್ಯವಾಗಿ ತಲೆದೋರುತ್ತದೆಂಬುದಷ್ಟೇ ಅದಕ್ಕೂ ಬುದ್ಧಿಗೂ ಇರುವ ನಂಟು. ಉಳಿದ ಇಪ್ಪತ್ತೆಂಟು ಹಲ್ಲುಗಳು ದವಡೆಯನ್ನೆಲ್ಲ ಆಕ್ರಮಿಸಿದ ಮೇಲೆ ಇದರ ಆಗಮನ. ಮಾರಿಕುಪ್ಪಂ, ಚಾಂಪಿಯನ್ನುಗಳಲ್ಲೇ ತುಂಬಿಹೋದ ಬೆಳಗಿನ ಬೆಂಗಳೂರು ರೈಲಿಗೆ ನಮ್ಮ ಊರಿಗಾಂನಲ್ಲಿ ಹತ್ತುವವನಂತೆ, ಓರೆಯಾಗಿ ಭುಜ ತೂರಿಸಿ, ಪಕ್ಕದವನನ್ನು ಒತ್ತಿ, ಅರ್ಧ ಒಳಗೆ ಅರ್ಧ ಹೊರಗೆ ನಿಂತುಬಿಡುತ್ತದೆ.

ನನ್ನ ಎಡಗೆನ್ನೆಯೊಳಗಿನದೂ ಹಾಗೆಯೇ ನಿಂತಿತ್ತು. ವರ್ಷಕ್ಕೆ ಮೂರು ಬಾರಿ ಒಸಡು ಊದಿ, ತರಗತಿಯಲ್ಲಿ ನನ್ನ ಪಾಠಕ್ಕೇ ಸಂಚಕಾರ ತಂದಿತು. ಮಾತಿನಿಂದಲೇ ಅನ್ನ ಸಂಪಾದಿಸುವ ಉಪಾಧ್ಯಾಯನಿಗೆ ಇದು ಸಣ್ಣ ವಿಷಯವಲ್ಲ. ಪರೀಕ್ಷೆಗೂ ಹೆಚ್ಚು ದಿನಗಳಿರಲಿಲ್ಲ. ಬೆಮೆಲ್ ನಗರದ ದಂತವೈದ್ಯ ಕಾಲೇಜಿನಲ್ಲಿ ಚಿತ್ರ ತೆಗೆದು ನೋಡಿ, ತೆಗೆಸುವುದೇ ಲೇಸೆಂದರು. ದವಡೆಯನ್ನು ಮರಗಟ್ಟಿಸಿ, ಒಸಡು ಸೀಳಿ, ಹಲ್ಲನ್ನು ಎರಡು ತುಂಡು ಮಾಡಿ ತೆಗೆದದ್ದಕ್ಕೆ ಹಿಡಿದದ್ದು ಅರ್ಧ ಗಂಟೆ. ಅದು ವೈದ್ಯರ ಕೆಲಸ. ಆಮೇಲಿನ ಒಂದು ವಾರ ನಮ್ಮ ಕೆಲಸ.

ಬಟ್ಟೆಯ ಉಂಡೆಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು. ಉಗುಳಬಾರದು, ಒಂದು ದಿನ ಬಾಯಿ ಮುಕ್ಕಳಿಸಕೂಡದು, ಕೊಳವೆಯಿಂದ ಏನನ್ನೂ ಹೀರಕೂಡದು. ಹಲ್ಲಿದ್ದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೆಳಗಿನ ಎಲುಬನ್ನು ಮುಚ್ಚುತ್ತದೆ. ಆ ಹೆಪ್ಪು ಕದಲಿದರೆ ಎಲುಬು ಬತ್ತಲಾಗಿ ನಿಲ್ಲುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಊಟವಾದರೆ ಮುಕ್ಕಳಿಸು, ಬಾಯಿಗೆ ಕಹಿ ಬಂದರೆ ಉಗುಳು ಎಂದು ಹುಟ್ಟಿದಂದಿನಿಂದ ಕೇಳಿಸಿಕೊಂಡು ಬೆಳೆದ ನಮ್ಮಂಥವರಿಗೆ, ಉಪ್ಪುಪ್ಪಾದ ಕೆಂಪು ಜೊಲ್ಲನ್ನು ನುಂಗುತ್ತ ಕೂರುವುದು ತಪಸ್ಸೇ ಸರಿ.

ಮನೆಯಲ್ಲಿ ನಮ್ಮ ಅತ್ತೆಯವರು ಲವಂಗ, ಬಿಸಿ ಮೆಣಸಿನ ಸಾರು, ಎಳ್ಳೆಣ್ಣೆಯ ಮುಕ್ಕಳಿಕೆ ಎಲ್ಲವನ್ನೂ ಸಿದ್ಧಪಡಿಸಿದ್ದರು. ಹಸಿಗಾಯಕ್ಕೆ ಇವಾವುವೂ ಸಲ್ಲವೆಂದು ಹೇಳಲು ನನಗೆ ತುಟಿ ಏಳದು. ನನ್ನಾಕೆ ವೈದ್ಯರ ಮಾತನ್ನು ತಿಳಿಸಿದಳು. ಅತ್ತೆಯವರು ಕ್ಷಣಕಾಲ ಯೋಚಿಸಿ, “ಹೆಪ್ಪು ಹಾಕಿ ಕಳಿಸಿದ್ದಾರೆ ಅನ್ನು. ಹಾಗಾದರೆ ನಾಳೆಯವರೆಗೂ ಪಾತ್ರೆ ಅಲ್ಲಾಡಿಸಬೇಡಿ,” ಎಂದು ಲವಂಗದ ಡಬ್ಬಿಯನ್ನು ಎತ್ತಿಟ್ಟುಬಿಟ್ಟರು. ದಂತಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಮೊದಲ ದಿನವೆಲ್ಲ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗೆ ಕಾಲು ಗಂಟೆ ಇಡುವುದು, ಕಾಲು ಗಂಟೆ ಬಿಡುವುದು. ಮಲಗುವಾಗ ಎರಡು ದಿಂಬು. ಮರಗಟ್ಟಿದ್ದು ಇಳಿಯುವುದರೊಳಗೇ ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ. ಆಹಾರಕ್ಕೆ ಮಜ್ಜಿಗೆ ಬೆರೆಸಿದ ತಣ್ಣನೆಯ ರಾಗಿ ಅಂಬಲಿ, ಕಿವುಚಿದ ಮೊಸರನ್ನ; ಅದಕ್ಕೆ ಒಗ್ಗರಣೆಯಿಲ್ಲ, ಸಾಸಿವೆಕಾಳು ಗುಂಡಿಯಲ್ಲಿ ಸೇರಿಕೊಂಡೀತೆಂಬ ಭಯ. ಕಾಫಿಯನ್ನು ಆರಿಸಿ ಕುಡಿಯಬೇಕಾದ ಸಂಕಟವನ್ನು ಇಲ್ಲಿ ವರ್ಣಿಸಲಾರೆ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು; ಗಳಗಳ ಎನ್ನಿಸದೆ, ತಲೆ ವಾಲಿಸಿ, ತಾನಾಗಿ ಬೀಳಲು ಬಿಡಬೇಕು. ಮೂರನೆಯ ದಿನ ಮುದ್ದೆ ಬಂತು. ಮುದ್ದೆಯನ್ನು ಅಗಿಯದೆ ನುಂಗುವ ಕೋಲಾರ ಸೀಮೆಯವನಿಗೆ ಹಲ್ಲು ಹೋದರೇನು? ಆದರೆ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿದ್ದುದರಿಂದ ತುತ್ತು ಗೋಲಿಯಷ್ಟಾಯಿತು.

ಅದೇ ದಿನ ಊತ ಅತಿಯಾಗಿತ್ತು. ಎರಡು ಮೂರನೆಯ ದಿನಕ್ಕೆ ಏರಿ ಆಮೇಲೆ ಇಳಿಯುವುದು ಅದರ ಕ್ರಮವೆಂದು ಮೊದಲೇ ತಿಳಿದಿದ್ದರಿಂದ ಗಾಬರಿಯಾಗಲಿಲ್ಲ. ಸಂಜೆ ನೆರೆಮನೆಯ ಹಿರಿಯರು ನೋಡಲು ಬಂದರು. 2001ರಲ್ಲಿ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫಿನ ಸುರಂಗಗಳಲ್ಲಿ ದುಡಿದವರು. “ನಂದೂ ಹೀಗೇ ತೆಗೆದ್ರು ಸಾರ್. ಸಾಯಂಕಾಲವೇ ಎಲೆಅಡಿಕೆ ಹೊಗೆಸೊಪ್ಪು ಹಾಕ್ಕೊಂಡು ಉಗುಳಿದೆ. ಮೂರನೇ ರಾತ್ರಿ ಕಿವಿವರೆಗೂ ಎಳೀತು ನೋಡಿ, ಅಂಥಾ ನೋವು ಮೂರು ಕಿಲೋಮೀಟರ್ ಕೆಳಗೂ ನಾನು ಕಂಡಿರಲಿಲ್ಲ,” ಎಂದರು. ಗುಂಡಿ ಬರಿದಾಗಿತ್ತಂತೆ, ವೈದ್ಯರು ತೊಳೆದು ಔಷಧದ ಬತ್ತಿ ತುಂಬಿದ ಮೇಲೆಯೇ ನಿದ್ರೆ.

ಹೊಗೆಸೊಪ್ಪನ್ನು ಅಗಿದರೂ ಸೇದಿದರೂ ಈ ಗಾಯಕ್ಕೆ ಶತ್ರುವೇ. ಬರಿದಾದ ಗುಂಡಿಯ ಭಯವನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದಿರು ತೆಗೆದ ಪೊಳ್ಳಿನಲ್ಲಿ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ಆಧಾರ ಕೊಡುವುದು ಇಲ್ಲಿನ ಗಣಿಗಳ ಪದ್ಧತಿಯಾಗಿತ್ತು. ಹಾಗಿದ್ದೂ ಬಂಡೆ ಸಿಡಿದು ಮೇಲಿನ ಮನೆಗಳು ನಡುಗಿದ್ದುಂಟು. “ಅಲ್ಲಿ ನಾವು ಕಲ್ಲು ತುಂಬಿಸ್ತಿದ್ವಿ. ಬಾಯಲ್ಲಿ ದೇವರೇ ತುಂಬಿಸ್ತಾನೆ, ಸುಮ್ನಿರೋಕೆ ನಮಗೆ ಆಗಲ್ಲ,” ಎಂದು ನಕ್ಕರು. ಹೊರಡುವಾಗ ಮಾತ್ರ ನಗದೆ ಹೇಳಿದರು: ನಾಲ್ಕನೆಯ ದಿನಕ್ಕೆ ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ನುಂಗುವುದು ಕಷ್ಟವಾದರೆ ಬೆಳಗಾಗುವುದನ್ನು ಕಾಯಬೇಡಿ. ಬಟ್ಟೆ ಕಚ್ಚಿದರೂ ನಿಲ್ಲದ ರಕ್ತವನ್ನೂ, ದಿನ ಕಳೆದರೂ ಬಿಡದ ತುಟಿಯ ಜೋಮನ್ನೂ ವೈದ್ಯರು ಅದೇ ಪಟ್ಟಿಗೆ ಸೇರಿಸಿದ್ದರು.

ನನ್ನ ನೋವು ಇಳಿಯಿತು. ಎಂಟನೆಯ ದಿನ ಹೊಲಿಗೆ ಬಿಚ್ಚಿದರು. ಒಸಡು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಒಳಗಿನ ಎಲುಬು ತುಂಬಲು ತಿಂಗಳುಗಳು ಬೇಕು ಎಂದು ಹೇಳಿ, ಕನ್ನಡಿ ಹಿಡಿದು ಬಲಗಡೆಯದನ್ನೂ ತೋರಿಸಿದರು. ಅದೂ ಓರೆಯಾಗಿಯೇ ನಿಂತಿದೆ. ಪರೀಕ್ಷೆಗಳು ಮುಗಿಯಲಿ ಎಂದು ಹೇಳಿ ಬಂದಿದ್ದೇನೆ.