ಚಂದ್ರನಲ್ಲಿರುವ ನಮ್ಮ ಗುರುತು

ಹೋದ ರಜೆಯಲ್ಲಿ ಗದ್ದೆಯ ಬದಿಯ ಹಳೆಯ ಅಕ್ಷರದ ಕಲ್ಲಿನ ಮೇಲೆ ನಾನು ಮೊಳೆಯಿಂದ ನನ್ನ ಹೆಸರು ಗೀಚಿದೆ. ಅಜ್ಜ ನೋಡಿ, "ಎಂತ ಮಾರಾಯ ಇದು? ಹೋದ ಅಕ್ಷರ ಮತ್ತೆ ಬರ್ತದಾ?" ಎಂದು ಬೈದರು. ಆಗ ಅದು ದೊಡ್ಡ ತಪ್ಪು ಅಂತ ನನಗೆ ಅನ್ನಿಸಲಿಲ್ಲ.

ಮೊನ್ನೆ ವಿಜ್ಞಾನದ ಪಾಠದಲ್ಲಿ ಟೀಚರ್ ಚಂದ್ರನ ವಿಷಯ ಹೇಳಿದರು. ಅಲ್ಲಿ ಗಾಳಿ ಇಲ್ಲ, ಮಳೆ ಇಲ್ಲ. ಆದ್ದರಿಂದ 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಇಟ್ಟ ಹೆಜ್ಜೆಯ ಗುರುತು ಬೇಗ ಅಳಿಯುವುದಿಲ್ಲವಂತೆ. ನಮ್ಮ ಅಂಗಳದಲ್ಲಾದರೆ ಒಂದೇ ಮಳೆಗೆ ಹೋಗ್ತದೆ! 2023ರ ಆಗಸ್ಟ್ 23ರಂದು ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಮತ್ತು ಪ್ರಜ್ಞಾನ್ ಈಗಲೂ ಅಲ್ಲೇ ಇವೆ.

ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು 1975ರಲ್ಲಿ ಹಾರಿಸಿದಾಗ ಅದರ ಮುಖ್ಯಸ್ಥರಾಗಿದ್ದ ಯು. ಆರ್. ರಾವ್ ನಮ್ಮ ಜಿಲ್ಲೆಯ ಅದಮಾರಿನವರು. ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ.

ಮುಂದೆ ಇನ್ನೂ ನೌಕೆಗಳು ಚಂದ್ರನಿಗೆ ಹೋಗುತ್ತವೆ. ಅವು ಹತ್ತಿರ ಇಳಿದರೆ ಏಳುವ ಧೂಳೇ ಹಳೆಯ ಗುರುತುಗಳನ್ನು ಹಾಳು ಮಾಡಬಹುದು. ಅಮೆರಿಕ ತನ್ನ ಅಪೊಲೊ ಜಾಗಗಳನ್ನು ಕಾಪಾಡಲು 2020ರಲ್ಲಿ ಕಾನೂನು ಮಾಡಿದೆ. ನಮ್ಮ ವಿಕ್ರಮ್‌ಗೂ ಅಂಥದ್ದು ಬೇಡವೇ? ಚಂದ್ರನಲ್ಲಿ ಬೈಯಲು ಅಜ್ಜ ಇಲ್ಲ. ಎಲ್ಲ ದೇಶದವರೂ ಸೇರಿ ನಿಯಮ ಮಾಡಬೇಕು.

ಗೆಳೆಯರೇ, ಆ ಕಲ್ಲಿನಲ್ಲಿ ನನ್ನ ಹೆಸರು ಈಗಲೂ ಉಂಟು. ಅದನ್ನು ನೋಡುವಾಗ ನಾಚಿಕೆಯಾಗುತ್ತದೆ. ನೀವು ಹಾಗೆ ಮಾಡಬೇಡಿ.