ಹಸಿರು ಸುತ್ತಿನ ನೆಂಟರು

ಕಫದ ಸ್ಯಾಂಪಲ್ಲನ್ನು ಬ್ಲಡ್ ಅಗಾರ್ ಪ್ಲೇಟಿನ ಮೇಲೆ ಗೀರಿ, ರಾತ್ರಿಯೆಲ್ಲ ಇನ್ಕ್ಯುಬೇಟರಿನಲ್ಲಿಟ್ಟು, ಬೆಳಿಗ್ಗೆ ಮುಚ್ಚಳ ತೆಗೆದು ಬೆಳಕಿಗೆ ಹಿಡಿಯುವ ಹೊತ್ತು ನನಗೆ ಬಲು ಪ್ರಿಯ. ಕುರಿಯ ರಕ್ತ ಬೆರೆತ ಕಡುಗೆಂಪು ಅಗಾರು, ಅದರ ಮೇಲೆ ಚುಕ್ಕಿ ಚುಕ್ಕಿ ಕಾಲೊನಿಗಳು, ಒಂದೊಂದರ ಸುತ್ತಲೂ ಮಾಸಲು ಹಸಿರು. ಹಸಿರು ಕಂಡಿತೆಂದು ರೋಗಾಣು ಸಿಕ್ಕಿತು ಎನ್ನುವಂತಿಲ್ಲ. ನ್ಯುಮೋನಿಯ ತರುವ ನ್ಯುಮೊಕಾಕಸ್ ಹಸಿರು ಬಿಡುತ್ತದೆ. ನಮ್ಮೆಲ್ಲರ ಬಾಯಲ್ಲಿ ಎಳವೆಯಿಂದಲೇ ತೆಪ್ಪಗೆ ವಾಸವಾಗಿರುವ ಸ್ಟ್ರೆಪ್ಟೊಕಾಕಸ್ ಮೈಟಿಸ್ ಕೂಡ ಬಿಡುತ್ತದೆ. ಕಫ ಬಾಯಿ ದಾಟಿಯೇ ಹೊರಗೆ ಬರಬೇಕಲ್ಲ, ಹಾಗಾಗಿ ಇಬ್ಬರೂ ಒಂದೇ ಪ್ಲೇಟಿನಲ್ಲಿ ಕೂತಿರುವುದು ದಿನನಿತ್ಯದ ಸಂಗತಿ. ನೆಂಟಸ್ತಿಕೆ ಎಷ್ಟು ಹತ್ತಿರದ್ದೆಂದರೆ, ಬ್ಯಾಕ್ಟೀರಿಯಗಳ ಕುಲ ಹೇಳಲು ಬಳಸುವ 16ಎಸ್ ಜೀನ್ ಇವರಿಬ್ಬರಲ್ಲಿ ಶೇಕಡಾ 99ಕ್ಕೂ ಹೆಚ್ಚು ಒಂದೇ.

ಕಣ್ಣು ಪಳಗಿದವರಿಗೆ ಒಂದು ಗುರುತು ಸಿಗುತ್ತದೆ. ಬೆಳೆದು ಹಳತಾದಂತೆ ನ್ಯುಮೊಕಾಕಸ್ ಕಾಲೊನಿಯ ನಡುಭಾಗ ಕುಸಿದು, ಅಂಚು ಎದ್ದು ನಿಂತು, ಥೇಟ್ ಕೇರಂ ಪಾನಿನ ಹಾಗೆ ಆಗುತ್ತದೆ. ಪ್ಲೇಟನ್ನು ಸ್ವಲ್ಪ ಓರೆ ಮಾಡಿದರೆ ಆ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಆದರೆ ನ್ಯುಮೊಕಾಕಸಿನದೇ ದಪ್ಪ ಕವಚದ ಒಂದು ಬಗೆ, 3ನೇ ಸಿರೊಟೈಪ್, ಲೋಳೆಲೋಳೆಯಾಗಿ ಹರಡಿಕೊಂಡು ಈ ಗುರುತನ್ನು ಮರೆಸಿಬಿಡುತ್ತದೆ. ಆದ್ದರಿಂದ ಪ್ಲೇಟಿನ ಮೇಲೆ ಔಷಧದ ಡಿಸ್ಕ್ ಇಡಲೇಬೇಕು.

ಆಪ್ಟೊಚಿನ್ ಡಿಸ್ಕಿನ ಕಥೆಯನ್ನು ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. ಸಿಂಕೋನಾ ತೊಗಟೆಯ ಕ್ವಿನೀನನ್ನು ತಿದ್ದಿ ಮಾಡಿದ ವಸ್ತು ಇದು. ಇದು ನ್ಯುಮೊಕಾಕಸನ್ನು ಕೊಲ್ಲುತ್ತದೆಂದು ಜರ್ಮನಿಯ ಮಾರ್ಗೆನ್‌ರೋತ್ ಮತ್ತು ಲೆವಿ 1911ರಲ್ಲಿ ತೋರಿಸಿದರು. ಪೆನಿಸಿಲಿನ್ ಇನ್ನೂ ಇಲ್ಲದ ಕಾಲ. ನ್ಯುಮೋನಿಯ ರೋಗಿಗಳಿಗೆ ಇದನ್ನು ಕೊಟ್ಟೂ ನೋಡಿದರು. ಕೆಲವರ ಕಣ್ಣೇ ಹೋಯಿತು. ಔಷಧವಾಗಿ ಅದರ ಕಥೆ ಅಲ್ಲಿಗೆ ಮುಗಿಯಿತು. 1955ರಲ್ಲಿ ಬವರ್ಸ್ ಮತ್ತು ಜೆಫ್ರೀಸ್ ಅದೇ ವಸ್ತುವನ್ನು ಕಾಗದದ ಬಿಲ್ಲೆಗೆ ಹೀರಿಸಿ ಪ್ಲೇಟಿನ ಮೇಲಿಟ್ಟರು. ರೋಗಿಯ ಮೈಗೆ ಒಗ್ಗದ ಔಷಧ ರೋಗಾಣುವಿನ ಗುರುತು ಹಿಡಿಯುವ ಕೆಲಸಕ್ಕೆ ಬಂತು, ಇವತ್ತಿಗೂ ನಿಂತಿದೆ. 6 ಮಿ.ಮೀ. ಡಿಸ್ಕ್, ಅದರಲ್ಲಿ 5 ಮೈಕ್ರೊಗ್ರಾಂ; ಶೇಕಡಾ 5 ಇಂಗಾಲದ ಡೈಆಕ್ಸೈಡಿನಲ್ಲಿಟ್ಟ ಮೇಲೆ ಸುತ್ತ 14 ಮಿ.ಮೀ. ಅಥವಾ ಹೆಚ್ಚು ಅಗಲ ಬರಿದಾದರೆ ನ್ಯುಮೊಕಾಕಸ್. ಅದಕ್ಕಿಂತ ಕಡಿಮೆ ಬಂತೋ, ಪಿತ್ತದ ಪರೀಕ್ಷೆಯ ಮೊರೆ ಹೋಗಬೇಕು.

ಆ ಪರೀಕ್ಷೆ ಇನ್ನೂ ಹಳೆಯದು, 1900ರಲ್ಲಿ ನಾಯ್‌ಫೆಲ್ಡ್ ಕಂಡುಕೊಂಡದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ. ಸಲೈನಿನಲ್ಲಿ ಕಾಲೊನಿ ಕದಡಿದರೆ ಟ್ಯೂಬು ಮಬ್ಬಾಗುತ್ತದೆ. ಪಿತ್ತದ ಲವಣ ಡಿಆಕ್ಸಿಕೊಲೇಟ್ ಹಾಕಿ ಬೆಚ್ಚಗಿಟ್ಟರೆ, ನ್ಯುಮೊಕಾಕಸ್ ಆಗಿದ್ದಲ್ಲಿ, ನೋಡನೋಡುತ್ತ ಮಬ್ಬು ಕರಗಿ ಟ್ಯೂಬಿನ ಹಿಂದಿನ ಅಕ್ಷರ ಓದಲು ಸಿಗುತ್ತದೆ. ಪಕ್ಕದ ಮೈಟಿಸ್ ಟ್ಯೂಬು ಮಬ್ಬಾಗಿಯೇ ಉಳಿಯುತ್ತದೆ. ಪಿತ್ತ ಇಲ್ಲಿ ಬರೀ ಪ್ರಚೋದಕ. ಗೋಡೆ ಒಡೆಯುವುದು ನ್ಯುಮೊಕಾಕಸಿನ ಸ್ವಂತ ಕಿಣ್ವ, ಆಟೊಲೈಸಿನ್. ಕಾಲೊನಿಯ ನಡುವೆ ತಗ್ಗು ಬೀಳಿಸಿದ್ದೂ ಅದೇ ಕಿಣ್ವ!

ಇಷ್ಟು ರಗಳೆ ಯಾಕೆ ಎಂದರೆ, ಮೈಟಿಸ್ ಎಷ್ಟೋ ಸಲ ಪೆನಿಸಿಲಿನ್‌ಗೆ ಜಗ್ಗುವುದಿಲ್ಲ. ಅದನ್ನು ನ್ಯುಮೊಕಾಕಸ್ ಎಂದು ಬರೆದು ಕಳಿಸಿದರೆ, ಮಂಚದ ಮೇಲಿನ ಅಜ್ಜಿಗೆ ಬೇಡದ ಭಾರಿ ಆ್ಯಂಟಿಬಯೋಟಿಕ್ ಏರುತ್ತದೆ.

2004ರಲ್ಲಿ ಮೂರನೆಯ ನೆಂಟನೂ ಬಂದ: ಸ್ಟ್ರೆಪ್ಟೊಕಾಕಸ್ ಸ್ಯೂಡೊನ್ಯುಮೋನಿಯೆ. ಇದಕ್ಕೆ ಕವಚವಿಲ್ಲ, ಪಿತ್ತಕ್ಕೆ ಕರಗುವುದಿಲ್ಲ. ಇಂಗಾಲದ ಡೈಆಕ್ಸೈಡಿನಲ್ಲಿಟ್ಟರೆ ಆಪ್ಟೊಚಿನ್‌ಗೆ ಬಗ್ಗದು, ಬರೀ ಗಾಳಿಯಲ್ಲಿಟ್ಟರೆ ಬಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುವ ಮಾಲ್ಡಿ-ಟಾಫ್ ಯಂತ್ರವೂ ಈ ಬಳಗದ ಮುಂದೆ ತಡವರಿಸುತ್ತದೆ. ಹಾಗಾಗಿ ಯಂತ್ರ ನ್ಯುಮೊಕಾಕಸ್ ಎಂದರೂ, ಪಿತ್ತದ ಟ್ಯೂಬು ತಿಳಿಯಾದದ್ದನ್ನು ನೋಡಿಯೇ ನಾನು ರಿಪೋರ್ಟಿಗೆ ಸಹಿ ಹಾಕುವುದು.