ಎಣ್ಣೆ ಬೇಡದ ಚರ್ಮ

ಚರ್ಮದ ಪಟ್ಟಿಗೆ ಎಣ್ಣೆ ಹಚ್ಚಬೇಕೇ ಬೇಡವೇ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಚಪ್ಪಲಿಗೆ ಹರಳೆಣ್ಣೆ ಸವರಿ ಮೆತ್ತಗೆ ಮಾಡುವ ನನ್ನ ಹೆಂಡತಿ ಒಂದು ಪಕ್ಷದ ನಾಯಕಿ. "ಅದೂ ಚರ್ಮವೇ ಅಲ್ವೇನ್ರೀ? ಒಣಗಿ ಸೀಳು ಬಿಟ್ಟ ಮೇಲೆ ಗೊತ್ತಾಗುತ್ತೆ ನಿಮಗೆ" ಎನ್ನುತ್ತಾಳೆ. ಎದುರು ಪಕ್ಷದಲ್ಲಿ ನಾನೊಬ್ಬನೇ. ವಿವಾದದ ವಸ್ತು ಬಚ್ಚಲಿನ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿರುತ್ತದೆ: ಎರಡೂವರೆ ಇಂಚು ಅಗಲದ, ಮೊಳಕ್ಕಿಂತ ತುಸು ಉದ್ದದ ಎಮ್ಮೆ ಚರ್ಮ. ಕ್ಷೌರದ ಕತ್ತಿಯನ್ನು ಅದರ ಮೇಲೆ ನಾಲ್ಕು ಸಲ ಎಳೆಯದೆ ನನ್ನ ಕೆನ್ನೆಗೆ ತಾಗಿಸುವುದಿಲ್ಲ.

ಚಪ್ಪಲಿಯ ವಾದವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಅವಳ ಕೊಲ್ಹಾಪುರಿ ಚಪ್ಪಲಿ ಅಥಣಿಯದು, ನನ್ನ ಪಟ್ಟಿಯ ಚರ್ಮವೂ ಅಲ್ಲಿಯದೇ. (ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಪಾಲಿದೆ.) ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮ. ಆದರೆ ಚಪ್ಪಲಿ ಹೆಜ್ಜೆಹೆಜ್ಜೆಗೂ ಬಾಗಬೇಕು. ಕೆಸರು, ಬಿಸಿಲು ತಿನ್ನಬೇಕು. ಪಟ್ಟಿಯ ಕೆಲಸ ನೇರವಾಗಿ ನಿಂತು ಕತ್ತಿಯನ್ನು ಒಂದಿಷ್ಟೇ ಇಷ್ಟು ಹಿಡಿದು ಬಿಡುವುದು. ಅಂಟಬಾರದು, ಜಾರಲೂಬಾರದು. ಎಣ್ಣೆ ಕುಡಿದ ಪಟ್ಟಿಯ ಮೇಲೆ ಕತ್ತಿ ಪಾಚಿಗಟ್ಟಿದ ಮೆಟ್ಟಿಲ ಮೇಲಿನ ಕಾಲಿನಂತೆ ಸರ್ರನೆ ಹೋಗುತ್ತದೆ. ಅಲಗಿಗೆ ಏನೂ ಆಗಿರುವುದಿಲ್ಲ. ಸಾಲದ್ದಕ್ಕೆ ಧೂಳೆಲ್ಲ ಬಂದು ಅಲ್ಲೇ ಕೂರುತ್ತದೆ. ಆ ಧೂಳಿನ ಒಂದೇ ಕಣ ಸಾಕು, ಸಾಣೆಕಲ್ಲಿನ ಮೇಲೆ ಅರ್ಧ ದಿನ ಕೂತು ತಂದ ನುಣುಪನ್ನು ಗೀರಿ ಹಾಕಲು.

ಅಲಗು ಹೇಗೆ ಕೆಡುತ್ತದೆ ಎಂಬುದೇ ಒಂದು ಸೋಜಿಗ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಆದರೂ ಗೆಲ್ಲುವುದು ಕೂದಲೇ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಬ್ಲೇಡಿನಿಂದ ಕೂದಲು ಕತ್ತರಿಸಿ ನೋಡಿದರು. ಓರೆಯಾಗಿ ಸಿಕ್ಕು ಬಾಗುವ ಕೂದಲು, ಉಕ್ಕಿನ ಕಣರಚನೆ ಒಂದೇ ಸಮವಿಲ್ಲದ ಜಾಗ ಹುಡುಕಿದಂತೆ, ಅಲಗಿನ ಅಂಚಿನಿಂದ ಸಣ್ಣ ಚಕ್ಕೆ ಎಬ್ಬಿಸುತ್ತಿತ್ತು. ಚಕ್ಕೆ ಎದ್ದು ಹೋದ ಮೇಲೆ ಪಟ್ಟಿ ಏನೂ ಮಾಡಲಾರದು, ಆಗ ಕಲ್ಲೇ ಗತಿ. ದಿನದಿನದ ಸೊಟ್ಟು, ಒರಟುಗಳನ್ನು ತಿದ್ದುವಷ್ಟು ಮಾತ್ರ ಅದರ ಅಧಿಕಾರ.

ನನ್ನ ಪಕ್ಷದ ಪ್ರಣಾಳಿಕೆಯೆಲ್ಲ ಅಪ್ಪನದು. ತೀರ್ಥಹಳ್ಳಿ ಕಡೆ ಅಪ್ಪನ ಕ್ಷೌರದಂಗಡಿ ಇತ್ತು. ಕುರ್ಚಿಯ ಪಕ್ಕ ಕೊಕ್ಕೆಗೆ ತೂಗುತ್ತಿದ್ದ ಪಟ್ಟಿಗೆ ಅಲ್ಲಿ 'ಬೆಲ್ಟು' ಎಂದೇ ಹೆಸರು. ಮಂಗಳವಾರ ಅಂಗಡಿಗೆ ರಜೆ. ಬೆಲ್ಟಿನ ಸ್ನಾನವೂ ಅಂದೇ. ಸ್ನಾನವೆಂದರೆ ನೀರು ಸುರಿಯುವುದಲ್ಲ. ಮೊದಲು ಒಣ ಹತ್ತಿಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ಒರೆಸು. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಉಕ್ಕಿನ ಕರಿ ಕೂತಿದ್ದರೆ ಮಾತ್ರ ಕ್ಷೌರದ ಸೋಪಿನ ಗಟ್ಟಿ ನೊರೆಯನ್ನು ಬೆರಳಲ್ಲಿ ತೆಗೆದುಕೊಂಡು ತಿಕ್ಕಿ, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ನೊರೆ ಒರೆಸು. ನೆರಳಲ್ಲಿ ನೇತುಹಾಕು. ಆರಿದ ಮೇಲೆ ಅಂಗೈಯಿಂದ ಬಿಸಿಯಾಗುವ ತನಕ ಉಜ್ಜು. ಅಂಗೈಯ ಜಿಡ್ಡಿದೆಯಲ್ಲ, ಅಷ್ಟು ಎಣ್ಣೆ ಚರ್ಮಕ್ಕೆ ಸಾಕು ಎಂಬುದು ಅಪ್ಪನ ಲೆಕ್ಕ. ಪರದೇಶದ ಹಳೆಯ ಕ್ಷೌರದ ಕೈಪಿಡಿಗಳಲ್ಲೂ ಹೊಸ ಪಟ್ಟಿಗೆ ನೊರೆ ತಿಕ್ಕಿ ಹದ ಮಾಡುವ ಇದೇ ಕ್ರಮವಿದೆ ಎಂದು ಮುಂದೆ ಓದಿದಾಗ ನನಗೆ ಅನಗತ್ಯವಾದ ಹೆಮ್ಮೆಯಾಯಿತು.

ಕತ್ತಿಯನ್ನು ಒರೆಸಿ ಒಣಗಿಸದೆ ಬೆಲ್ಟಿಗೆ ಹಚ್ಚಿದರೆ ಬೈಗುಳ ಖಚಿತ. ಬೆನ್ನು ಮುಂದಾಗಿ ಎಳೆಯಬೇಕು, ತುದಿ ಮುಟ್ಟಿದಾಗ ಬೆನ್ನಿನ ಮೇಲೆಯೇ ಮಗುಚಬೇಕು. ಕೆಲಸ ಕಲಿಯಲು ಬಂದ ಹುಡುಗರು ಅಲಗಿನ ಮೇಲೆ ಮಗುಚಿ ಪಟ್ಟಿಗೇ ಗಾಯ ಮಾಡುತ್ತಿದ್ದರು. ಚಿಕ್ಕ ಗೀರಾದರೆ ಎದ್ದ ಸಿಪ್ಪೆಗೆ ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಸಮ ಮಾಡಿದರೆ ಮತ್ತೆ ನಡೆಯುತ್ತದೆ. ಅಂಚಿನಲ್ಲೇ ಆಳವಾಗಿ ಕೊಯ್ದಿದ್ದರೆ ಆ ಪಟ್ಟಿಯ ಕಥೆ ಮುಗಿಯಿತು.

ಇನ್ನು ಮಳೆಗಾಲ. ಆಷಾಢದಲ್ಲಿ ನಮ್ಮ ಕಡೆ ಚರ್ಮವೆಂಬ ಚರ್ಮಕ್ಕೆಲ್ಲ ಬೂಷ್ಟು ಹಿಡಿಯುತ್ತದೆ: ಚಪ್ಪಲಿ, ಸೊಂಟದ ಪಟ್ಟಿ, ಚಂಡೆಯ ಮುಚ್ಚಿಗೆ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಬೂಷ್ಟು ಹೋಗುತ್ತದೆ ನಿಜ, ಚರ್ಮವೂ ಮರದ ಸಿಬಿರಿನಂತಾಗಿ ಬಿರಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಇನ್ನೂ ಕೆಟ್ಟದು, ಒಳಗೇ ಬೆವರುತ್ತದೆ. ಗಾಳಿಯಾಡುವಲ್ಲಿ ತೂಗುಹಾಕಿ ದಿನಾ ಒರೆಸುವುದೊಂದೇ ದಾರಿ. ದಿನಾ ಕತ್ತಿ ಎಳೆಯುವ ಪಟ್ಟಿಗೆ ಬೂಷ್ಟು ಹಿಡಿಯುವುದು ಅಪರೂಪ. ಹಿಡಿಯುವುದು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟದ್ದಕ್ಕೆ.

ಇಷ್ಟೆಲ್ಲ ಆರೈಕೆ ಮಾಡಿದರೂ ಅಂಗಡಿಯ ಬೆಲ್ಟು ಉಳಿಯಲಿಲ್ಲ. ಏಡ್ಸ್ ಭಯ ಹಬ್ಬಿದ ಮೇಲೆ, ಬ್ಲೇಡನ್ನು ಕಾಗದದೊಳಗೇ ಎರಡು ತುಂಡಾಗಿ ಮುರಿದು ಅರ್ಧವನ್ನು ಸಿಕ್ಕಿಸುವ ಕತ್ತಿ ಬಂತು. ಒಬ್ಬರಿಗೆ ಒಂದು ತುಂಡು, ಆಮೇಲೆ ಬಿಸಾಡು. ಹಳೆಯ ಕತ್ತಿಗಾಗಿ ಕೊರಗುವ ನಾನೂ ಒಪ್ಪುತ್ತೇನೆ, ಅದು ಸರಿಯಾದ ನಿರ್ಧಾರ. ಕತ್ತಿಯನ್ನು ಕುದಿಸಬಹುದು, ಚರ್ಮವನ್ನು ಕುದಿಸಲಾಗದು, ಡೆಟಾಲಿನಲ್ಲಿ ನೆನೆಸಿಡಲೂ ಆಗದು. ಊರಿನವರ ಗಡ್ಡವನ್ನೆಲ್ಲ ಕಂಡ ಕತ್ತಿಗಳು ಅದೇ ಪಟ್ಟಿಯ ಮೇಲೆ ಹೋಗಿ ಬರುವಾಗ, ಸೋಪಿನ ನೊರೆಯಿಂದ ಎಷ್ಟು ಶುದ್ಧವಾದೀತು? ಒಬ್ಬನೇ ಬಳಸುವ ಪಟ್ಟಿಯಾದರೆ ಆ ಮಾತು ಬೇರೆ.

ಅಪ್ಪ ಬೆಲ್ಟನ್ನು ಇಳಿಸಿಬಿಟ್ಟ. ಆದರೂ ಕೆಲವು ಹಳೇ ಗಿರಾಕಿಗಳು ಮನೆಯಿಂದ ಸ್ವಂತ ಕತ್ತಿ ತಂದು ಅದರಲ್ಲೇ ಆಗಬೇಕೆಂದು ಹಟ ಹಿಡಿಯುತ್ತಿದ್ದರು. ಅವರ ಕತ್ತಿಯನ್ನು ಅಪ್ಪ ತನ್ನ ಬರಿ ಅಂಗೈಯ ಮೇಲೆ, ಹೆಬ್ಬೆರಳ ಬುಡದ ಹತ್ತಿರ, ಅತ್ತ ಇತ್ತ ಎಳೆದು ಸಿದ್ಧ ಮಾಡುತ್ತಿದ್ದ. ನೋಡುವವರಿಗೆ ಎದೆ ಝಲ್ಲೆನ್ನುತ್ತಿತ್ತು. ಇದೇನು ಬೆಲ್ಟಿಗಿಂತ ವಾಸಿಯೇ ಎಂದು ಯಾರೋ ಕೇಳಿದ್ದಕ್ಕೆ ಅಪ್ಪನ ಉತ್ತರ ಸಿದ್ಧವಿತ್ತು: "ಇದನ್ನಾದ್ರೆ ಸೋಪು ಹಾಕಿ ತೊಳೀಬಹುದಲ್ಲ ಮಾರಾಯ್ರೆ."